ಮಾಲಕರ ಒಂಟಿ ಚಾವಿ

ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ನಾಚಿಕೆಯಾಗುತ್ತದೆ, ಅದು ಎಲ್ಲರಿಗೂ ಗೊತ್ತು. ನಿಜ ಹೇಳಿ ಸಿಕ್ಕಿಬಿದ್ದವನಿಗೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸಿ. ನನಗೆ ಈಗ ವಯಸ್ಸಾಗಿದೆ, ಸ್ಟೇರಿಂಗ್ ಬಿಟ್ಟು ಬಹಳ ವರ್ಷವಾಯಿತು, ಆದರೆ ಆ ಸಿಟ್ಟು ಮಾತ್ರ ಇಳಿದಿಲ್ಲ. ಇಳಿಯಬೇಕು ಎಂದು ನನಗೆ ಅನಿಸಿಯೂ ಇಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸದಲಗಾದ ಒಬ್ಬ ಹಾಲಿನ ವ್ಯಾಪಾರಿಯ ಗಾಡಿ ಓಡಿಸುತ್ತಿದ್ದೆ. ಬೆಳಿಗ್ಗೆ ಚಿಕ್ಕೋಡಿ ಕಡೆಯ ಹಳ್ಳಿಗಳನ್ನು ಸುತ್ತಿ ಕ್ಯಾನು ತುಂಬಿಕೊಳ್ಳುವುದು, ನಿಪ್ಪಾಣಿ ದಾಟಿ ಕೊಲ್ಹಾಪುರದ ಕಡೆಯ ಡೇರಿಗೆ ಮುಟ್ಟಿಸುವುದು. ಡ್ರೈವರನೂ ನಾನೇ, ಕ್ಲೀನರನೂ ನಾನೇ. ಗಾಡಿ ಹೊಸದು. ಆಗತಾನೆ ಬಂದಿದ್ದ ಸಣ್ಣ ಜಾತಿಯ ಟ್ರಕ್ಕು, ಕಾರಿನಂತೆ ಮೆತ್ತಗೆ ಓಡುತ್ತಿತ್ತು. ಅದಕ್ಕೂ ಮೊದಲು ನಾನು ಓಡಿಸಿದ್ದೆಲ್ಲ ದೊಡ್ಡ ಹಳೆಯ ಲಾರಿಗಳು. ಅವು ಒಮ್ಮೆ ಚಾಲೂ ಆದವೆಂದರೆ ಚಾವಿ ಕಿತ್ತು ಜೇಬಿಗೆ ಹಾಕಿಕೊಂಡರೂ ಓಡುತ್ತಲೇ ಇರುತ್ತಿದ್ದವು. ನಿಲ್ಲಿಸಬೇಕಾದರೆ ಕಾಲ ಬಳಿಯ ತಂತಿ ಎಳೆಯಬೇಕು. ಈ ಹೊಸ ಗಾಡಿಗೆ ಆ ತಂತಿ ಇರಲಿಲ್ಲ, ಚಾವಿ ತಿರುವಿದರೆ ಸಾಕು, ಇಂಜಿನ್ನು ಸುಮ್ಮನಾಗುತ್ತಿತ್ತು. ಅದು ಹೇಗೆ ಎಂದು ನಾನೂ ಕೇಳಲಿಲ್ಲ, ನಮ್ಮ ಕಡೆಯ ಮಿಸ್ತ್ರಿಗಳೂ ಕೇಳಲಿಲ್ಲ.

ಆ ವರ್ಷ ದಸರೆಯಲ್ಲಿ ಖಂಡೇಪೂಜೆಯ ದಿನ ಗಾಡಿಗೆ ಕಾಯಿ ಒಡೆದ ಮೇಲೆ ಮಾಲಕರು ಎಲ್ಲರೆದುರು ನನ್ನ ಕೈಗೆ ಒಂದು ಗೊಂಚಲು ಕೊಟ್ಟರು. ಹಾಲಿನ ಶೆಡ್ಡಿನ ಚಾವಿ, ಡೀಸಲ್ ಬ್ಯಾರಲ್ ಇಟ್ಟ ಕೋಣೆಯ ಚಾವಿ, ತೂಕದ ಕೋಣೆ, ಹಿತ್ತಲ ಗೇಟು, ಗಾಡಿಯ ಸಾಮಾನಿನ ಪೆಟ್ಟಿಗೆ, ಎಲ್ಲವೂ ಒಂದು ಹಿತ್ತಾಳೆಯ ದಪ್ಪ ಬಳೆಯಲ್ಲಿದ್ದವು. ಗಾಡಿಯ ಚಾವಿಯನ್ನೂ ಅದಕ್ಕೇ ಸೇರಿಸಿದ್ದರು. ತಿಜೋರಿಯದೊಂದು ಬಿಟ್ಟು ಅವರ ವ್ಯವಹಾರವೆಲ್ಲ ನನ್ನ ಸೊಂಟಕ್ಕೆ ಬಂದಂತಾಯಿತು. ಮನೆಗೆ ಹೋಗಿ ಹೆಂಡತಿಯ ಕೈಗೆ ಕೊಟ್ಟರೆ ಅವಳು ತೂಗಿ ನೋಡಿ, ಇಷ್ಟು ಭಾರದ ನಂಬಿಕೆ ಯಾರಿಗೆ ಸಿಗುತ್ತದೆ ಎಂದು ನಕ್ಕಳು. ಪೆದ್ದ ನಾನು, ನಾನೂ ನಕ್ಕೆ.

ಗಾಡಿ ಮೊದಲ ಸಲ ನಿಂತದ್ದು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ದಾರಿಯಲ್ಲಿ. ಯಾರೋ ಗಂಟಲು ಹಿಚುಕಿದಂತೆ ಇಂಜಿನ್ನು ಗಪ್ಪನೆ ನಿಂತಿತು. ಡೀಸಲ್ ಗಾಡಿ ಹೀಗೆ ನಿಂತರೆ ಪೈಪಿನಲ್ಲಿ ಗಾಳಿ ಸೇರಿದೆ ಎಂದೇ ಅರ್ಥ. ನನಗೆ ಕಲಿಸಿದವರು ಕಲಿಸಿದ್ದು ಅದನ್ನೇ. ಚಾವಿ ಗೊಂಚಲು ಕಿತ್ತುಕೊಂಡೆ, ಅದರಲ್ಲೇ ಇದ್ದ ಚಾವಿಯಿಂದ ಪೆಟ್ಟಿಗೆ ತೆಗೆದೆ, ಪಾನಾ ಹಿಡಿದು ಕೆಳಗಿಳಿದು ನಟ್ಟು ಸಡಿಲಿಸಿದೆ, ಕೈಪಂಪು ಒತ್ತಿ ಗಾಳಿ ಹೊರಹಾಕಿದೆ. ತಿರುಗಿ ಬಂದು ಚಾವಿ ಹಾಕಿದರೆ ಒಂದೇ ಏಟಿಗೆ ಚಾಲೂ. ಗಾಳಿಯೇ ಎಂದು ನನಗೆ ಖಾತ್ರಿಯಾಯಿತು.

ಆಮೇಲೆ ಅದು ಚಟವಾಯಿತು. ವಾರದಲ್ಲಿ ಒಂದು ಸಲ, ಕೆಲವೊಮ್ಮೆ ಒಂದೇ ದಿನ ಎರಡು ಸಲ. ಪ್ರತಿ ಸಲವೂ ನಾನು ಇಳಿದು ಅದೇ ಪೂಜೆ ಮಾಡುವುದು, ಬಿಸಿಲು ಏರುವುದು, ಕ್ಯಾನಿನ ಹಾಲು ಒಡೆಯುವುದು. ಚಿಕ್ಕೋಡಿಯ ಮಿಸ್ತ್ರಿ ಪೈಪು ಬದಲಿಸಿದ, ಫಿಲ್ಟರು ಬದಲಿಸಿದ, ಪಂಪು ಬಿಚ್ಚಿ ಜೋಡಿಸಿದ. ಅವನ ಅಂಗಳದಲ್ಲಿ ಇಡೀ ದಿನ ಚಾಲೂ ಇಟ್ಟರೂ ಗಾಡಿ ಒಳ್ಳೇ ಹಸುವಿನಂತೆ ನಿಂತಿರುತ್ತಿತ್ತು. ದಾರಿಗೆ ಬಿದ್ದರೆ ಮತ್ತೆ ಅದೇ ರಾಗ.

ಹಾಲು ಒಡೆದರೆ ಡೇರಿಯವರು ಸುಮ್ಮನೆ ಬಿಡುತ್ತಾರೆಯೇ? ಹಾಲು ಹಾಕುವ ಮಂದಿಯೂ ಮಾತಾಡತೊಡಗಿದರು. ಗಾಡಿ ದಾರಿಯಲ್ಲಿ ಯಾಕೆ ನಿಲ್ಲುತ್ತದೆ? ಯಾರೂ ಇಲ್ಲದ ಕಡೆಯೇ ಯಾಕೆ ನಿಲ್ಲುತ್ತದೆ? ನಾನು ಹಾಲು ಇಳಿಸಿ ಹೋಟೆಲಿಗೆ ಮಾರಿ, ಕ್ಯಾನಿಗೆ ನೀರು ಸೇರಿಸುತ್ತೇನಂತೆ. ಆ ಮಾತು ನಮ್ಮೂರಿನ ನಳದ ಕಟ್ಟೆಗೂ ಬಂತು. ಒಂದು ದಿನ ಹೆಂಡತಿ ಖಾಲಿ ಕೊಡ ಹಿಡಿದು ತಿರುಗಿ ಬಂದಳು. ಪಕ್ಕದ ಮನೆಯವರು ಆಮೇಲೆ ಹೇಳಿದರು: ನಿಮ್ಮ ಮನೆಯವರು ಇದ್ದಾರಲ್ಲ, ನೀರು ಎಲ್ಲಿ ಸಿಗುತ್ತದೆಂದು ಅವರಿಗೇ ಗೊತ್ತು ಎಂದು ನಳದ ಹತ್ತಿರ ಯಾರೋ ಅವಳಿಗೆ ಅಂದರಂತೆ.

ಅಂದಿನಿಂದ ಕಣ್ಣು ಬಿಟ್ಟು ನೋಡತೊಡಗಿದೆ. ಇಂಜಿನ್ನು ತಾನಾಗಿ ನಿಂತಾಗ ಮುಂದಿನ ಹಲಗೆಯಲ್ಲಿ ಆಯಿಲ್ಲಿನ ಮತ್ತು ಬ್ಯಾಟರಿಯ ಕೆಂಪು ದೀಪಗಳು ಹತ್ತಬೇಕು. ಈ ಗಾಡಿ ನಿಂತಾಗ ಆ ದೀಪಗಳೂ ಸತ್ತಿರುತ್ತಿದ್ದವು. ಅಂದರೆ ಕೆಡುತ್ತಿರುವುದು ಡೀಸಲ್ ಅಲ್ಲ, ಕರೆಂಟು. ಓಡಿಹೋಗಿ ಮಿಸ್ತ್ರಿಗೆ ಹೇಳಿದೆ. ಡೀಸಲ್ ಇಂಜಿನ್ನಿಗೂ ಕರೆಂಟಿಗೂ ಏನು ಸಂಬಂಧ ಎಂದು ಅವನು ಅಂಗಡಿಯಲ್ಲಿದ್ದವರನ್ನೆಲ್ಲ ಕರೆದು ನಕ್ಕ. ಮಾಲಕರಿಗೆ ಹೇಳಿದೆ. ಅವರು ನಗಲಿಲ್ಲ. ತಾವೇ ಓಡಿಸಿ ನೋಡುವುದಾಗಿ ಹೇಳಿದರು.

ಬೆಳಗಿನ ಹೊತ್ತು ಶೆಡ್ಡು ತೆಗೆಯಬೇಕಲ್ಲ, ಗೊಂಚಲು ನನ್ನ ಹತ್ತಿರವೇ ಇತ್ತು. ಮಾಲಕರು ಮನೆಯಲ್ಲಿಟ್ಟಿದ್ದ ಎರಡನೇ ಚಾವಿ ತಂದು ಗಾಡಿ ಹತ್ತಿದರು. ಡೇರಿಗೆ ಹೋಗಿ ಬಂದರು. ಮರುದಿನವೂ ಹೋದರು. ವಾರವೆಲ್ಲ ಓಡಿಸಿದರು. ಗಾಡಿ ಒಂದು ಸಲವೂ ನಿಲ್ಲಲಿಲ್ಲ. ನನ್ನ ಕೈಗೆ ಬಂದ ದಿನವೇ ನಿಪ್ಪಾಣಿಯ ಈಚೆ ನಿಂತಿತು. ಅಂದು ಸಂಜೆ ಅವರು ಶೆಡ್ಡಿನ ಬಾಗಿಲಲ್ಲಿ, ಹಾಲು ಹಾಕುವವರು ಸಾಲಾಗಿ ನಿಂತಿರುವಾಗ, ತಣ್ಣಗೆ ಅಂದರು.

"ನನ್ನ ಕೈಯಾಗ ಒಮ್ಮಿನೂ ನಿಂತಿಲ್ಲ. ನಿನ್ನ ಕೈಯಾಗಷ್ಟ ನಿಲ್ಲತೈತಿ. ಯಾರ ಕುಂತಾರಂತ ಗಾಡಿಗೆ ಹೆಂಗ ಗೊತ್ತಾಗತೈತೋ ತಮ್ಮಾ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹಿರಿಯರು ಬುದ್ಧಿ ಹೇಳುವ ದನಿಯಲ್ಲಿ ಕಳ್ಳ ಎಂದರೆ ಏನು ಮಾಡುವುದು? ನಾನು ಗಾಡಿಯನ್ನು ಬೇಕಂತ ನಿಲ್ಲಿಸಿಲ್ಲ, ಎಲ್ಲಿ ಬೇಕಾದರೂ ಆಣೆ ಮಾಡುತ್ತೇನೆ ಎಂದುಬಿಟ್ಟೆ. ಅವರು ಅದಕ್ಕೇ ಕಾದಿದ್ದವರಂತೆ, ಹಾಗಾದರೆ ಕೊಕಟನೂರಿನ ಎಲ್ಲಮ್ಮನ ಗುಡಿಗೆ ನಡಿ ಎಂದರು. ಕೇಳಿಸಿಕೊಂಡ ಮಂದಿ ಕ್ಯಾನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

ಮರುದಿನ ಹಾಲು ಮುಟ್ಟಿಸಿ ಬಂದ ಮೇಲೆ ಹೊರಟೆವು. ಹೋಗುವಾಗ ಅವರೇ ಓಡಿಸಿದರು, ತಮ್ಮ ಒಂಟಿ ಚಾವಿಯಿಂದ. ಗಾಡಿ ತಕರಾರು ಮಾಡಲಿಲ್ಲ. ಎಲ್ಲಮ್ಮನ ಗುಡಿಯಲ್ಲಿ ಭಂಡಾರದ ಅರಿಶಿನ ಮುಟ್ಟಿ, ಹಣೆಗೆ ಹಚ್ಚಿಕೊಂಡು, ಇದುವರೆಗೆ ಒಮ್ಮೆಯೂ ನನ್ನ ಕೈಯಾರೆ ಗಾಡಿ ನಿಲ್ಲಿಸಿಲ್ಲ, ಒಂದು ಹನಿ ಹಾಲು ಇಳಿಸಿಲ್ಲ ಎಂದು ಆಣೆ ಮಾಡಿದೆ. ಕಣ್ಣಲ್ಲಿ ನೀರು ಬಂತು. ಅದು ಭಕ್ತಿಯ ನೀರಲ್ಲ. ಮಾಲಕರ ಮುಖ ಸ್ವಲ್ಪ ಸಡಿಲಾಯಿತು, ಇನ್ನು ನೀನೇ ಹೊಡಿ ಎಂದು ಸ್ಟೇರಿಂಗ್ ಬಿಟ್ಟುಕೊಟ್ಟರು. ನಾನು ಸೊಂಟದಿಂದ ಗೊಂಚಲು ತೆಗೆದು ಚಾವಿ ಹಾಕಿದೆ.

ಅವರಿಗೆ ಸತ್ತಿ ಎಂಬ ಊರಿನಲ್ಲಿ ಒಂದು ಎಮ್ಮೆ ನೋಡುವುದಿತ್ತು. ಆ ದಾರಿಯಲ್ಲಿ ಎತ್ತಿನ ಗಾಡಿಗಳು ತುಳಿದ ಕೊರಕಲುಗಳು. ಒಂದು ಕೊರಕಲಿಗೆ ಗಾಲಿ ಇಳಿದು ಏರಿತು, ಇಂಜಿನ್ನು ಸತ್ತಿತು. ನನಗೆ ಎಂಥ ಸಂತೋಷವಾಯಿತೆಂದರೆ, ನೋಡ್ರಿ, ನೋಡ್ರಿ ಎಂದು ಕೂಗಿಬಿಟ್ಟೆ. ಸತ್ತ ದೀಪಗಳನ್ನು ತೋರಿಸಿದೆ. ಮಾಲಕರು ದೀಪ ನೋಡಲಿಲ್ಲ, ನನ್ನ ಹಣೆ ನೋಡಿದರು.

"ಭಂಡಾರ ಇನ್ನೂ ಹಣಿ ಮ್ಯಾಲ ಐತಲ್ಲೋ," ಎಂದರು. "ಒಂದ ತಾಸರ ತಡಕೋಬಾರದಾ?"

ನನ್ನನ್ನು ಪಕ್ಕಕ್ಕೆ ಸರಿಸಿ, ಗೊಂಚಲು ಕಿತ್ತು ನನ್ನ ತೊಡೆಯ ಮೇಲೆ ಒಗೆದರು. ತಮ್ಮ ಚಾವಿ ಹಾಕಿದರು. ಚಾಲೂ ಆಯಿತು. ಅವೇ ಕೊರಕಲುಗಳ ಮೇಲೆ ಗಾಡಿ ಕುಣಿಯುತ್ತ ಹೋಯಿತು, ನಿಲ್ಲಲಿಲ್ಲ. ನಾನು ಗೊಂಚಲು ಹಿಡಿದು ಕುಳಿತಿದ್ದೆ. ಪ್ರತಿ ಏಟಿಗೂ ಅದು ತೊಡೆಯ ಮೇಲೆ ಜಿಗಿದು ಬಡಿಯುತ್ತಿತ್ತು. ಬಡಿಯುತ್ತ ಬಡಿಯುತ್ತ ನನ್ನ ತಲೆಗೆ ಬೆಳಕು ಹತ್ತಿತು. ಇಷ್ಟು ಭಾರ ಇಷ್ಟು ದಿನ ಆ ಸಣ್ಣ ಸ್ವಿಚ್ಚಿಗೆ ನೇತಾಡಿದೆ. ಹಳೆಯ ಲಾರಿಯಲ್ಲಾದರೆ ನೇತಾಡಲಿ ಬಿಡು, ಅಲ್ಲಿ ಓಟಕ್ಕೂ ಚಾವಿಗೂ ಸಂಬಂಧವಿಲ್ಲ. ಇಲ್ಲಿ ಚಾವಿ ತಿರುವಿದರೆ ಇಂಜಿನ್ನು ನಿಲ್ಲುತ್ತದೆ. ಗೊಂಚಲು ಎಳೆದು ಒಳಗಿನ ಹಿಡಿತ ತಪ್ಪಿದರೂ ನಿಲ್ಲುತ್ತದೆ. ಪೆಟ್ಟಿಗೆ ತೆಗೆಯಲೆಂದು ನಾನು ಗೊಂಚಲು ಕಿತ್ತು ಮತ್ತೆ ಹಾಕಿದಾಗಲೆಲ್ಲ ಅದು ಸರಿಯಾಗುತ್ತಿತ್ತು, ಗಾಳಿ ತೆಗೆದದ್ದರಿಂದಲ್ಲ.

"ಮಾಲಕ್ರ, ಈ ಗೊಂಚಲಾ ನಿಮ್ಮ ಚಾವಿಗೆ ಕಟ್ಟಿ ಹೊಡೀರಿ," ಎಂದೆ. "ಆಗ ನಿಲ್ಲಲಿಲ್ಲಂದ್ರ ನಾ ಕಳ್ಳ."

ನನ್ನ ಬಾಯಿ ಮುಚ್ಚಿಸಲೆಂದೇ ಕಟ್ಟಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಅವರ ಕೈಯಲ್ಲೇ ಸತ್ತಿತು. ಮತ್ತೆ ಚಾಲೂ ಮಾಡಿದರು, ಮುಂದಿನ ಕೊರಕಲಿಗೆ ಮತ್ತೆ ಸತ್ತಿತು. ಅವರು ಸ್ಟೇರಿಂಗ್ ಹಿಡಿದು ಎದುರಿನ ಕಬ್ಬನ್ನೇ ನೋಡುತ್ತ ಕುಳಿತರು. ಈಗ ಏನೋ ಹೇಳುತ್ತಾರೆ, ತಪ್ಪಾಯಿತು ಅನ್ನದಿದ್ದರೂ ಹೆಗಲ ಮೇಲೆ ಕೈಯಾದರೂ ಇಡುತ್ತಾರೆ ಎಂದು ನಾನು ಕಾದೆ. ಅವರು ಗೊಂಚಲು ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಆತ ಬಿಡ, ಸ್ವಿಚ್ ಬದಲಿ ಮಾಡಸೂಣು. ಇದನ್ನ ಯಾರ ಮುಂದೂ ಆಡಾಕ ಹೋಗಬ್ಯಾಡ."

ಚಿಕ್ಕೋಡಿಯಲ್ಲಿ ಸ್ವಿಚ್ಚು ಬಿಚ್ಚಿದಾಗ ಅದರ ಒಳಗಿನ ಹಿತ್ತಾಳೆ ಸವೆದು, ಸುಟ್ಟು ಕಪ್ಪಾಗಿತ್ತು. ಮಿಸ್ತ್ರಿ ಅದನ್ನು ಒಗೆಯುವವನಿದ್ದ, ನಾನು ಕೇಳಿ ಇಸಿದುಕೊಂಡೆ. ಹೊಸ ಸ್ವಿಚ್ಚು ಬಂತು, ಗಾಡಿಯ ಚಾವಿ ಬೇರೆಯಾಗಿ ಗೊಂಚಲು ಸೊಂಟಕ್ಕೆ ಹೋಯಿತು, ಗಾಡಿ ನಿಲ್ಲುವುದು ಬಿಟ್ಟಿತು. ನನ್ನ ಹೆಸರೂ ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಒಂದು ಸಂಜೆ ಶೆಡ್ಡಿನಲ್ಲಿ ಹಾಲು ಅಳೆಯುತ್ತಿದ್ದೆವು. ಮಾಲಕರು ಪಕ್ಕದಲ್ಲೇ ಇದ್ದರು. ದಿನಾ ತಂಬಿಗೆ ಹಾಲು ತರುವ ಒಬ್ಬ ಮುದುಕಿ, ನನ್ನ ಮೇಲೆ ಪ್ರೀತಿ ಇದ್ದವಳು, ಕಕ್ಕುಲಾತಿಯಿಂದ ನನ್ನ ಬೆನ್ನು ಸವರಿದಳು. ಕೊಕಟನೂರಿಗೆ ಹೋಗಿ ಬಂದದ್ದು ಒಳ್ಳೆಯದಾಯಿತು, ಅವ್ವನ ಭಂಡಾರ ಮುಟ್ಟಿದ ಮೇಲೆ ಗಾಡಿ ಒಮ್ಮೆಯೂ ನಿಂತಿಲ್ಲ ನೋಡು, ಆಕೆಯ ಅಂಜಿಕೆ ಇರಬೇಕು ಎಂದಳು. ಸಾಲಿನಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಆಗ ಗೊತ್ತಾಯಿತು, ಊರೆಲ್ಲ ಇದನ್ನೇ ನಂಬಿದೆ. ಆಣೆ ಮಾಡಿದ, ಹೆದರಿದ, ಕಳ್ಳತನ ಬಿಟ್ಟ. ಗಾಡಿ ರಿಪೇರಿಯಾದದ್ದೇ ನಾನು ಕಳ್ಳ ಎಂಬುದಕ್ಕೆ ಸಾಕ್ಷಿಯಾಗಿತ್ತು.

ನಾನು ಮಾಲಕರ ಕಡೆ ನೋಡಿದೆ. ಒಂದು ಮಾತು ಸಾಕಾಗಿತ್ತು. ನಾಲಿಗೆ ಬಿದ್ದುಹೋಗುತ್ತಿತ್ತೇ? ಅವರು ಅಳತೆಯ ಪಾವಿನಿಂದ ಕಣ್ಣು ಎತ್ತದೆ ಅಂದರು: "ಹೌದ್ರಿ, ದೇವರ ಅಂಜಿಕಿ ಇರಬೇಕ."

ಗಾಡಿಗೆ ಹೋಗಿ ಹಳೆಯ ಸ್ವಿಚ್ಚು ತಂದು ಕ್ಯಾನಿನ ಮುಚ್ಚಳದ ಮೇಲೆ ಇಟ್ಟೆ. ಎಲ್ಲ ಹೇಳಿದೆ, ಸತ್ತಿಯ ದಾರಿಯಲ್ಲಿ ಮಾಲಕರ ಕೈಯಲ್ಲೇ ಗಾಡಿ ನಿಂತದ್ದನ್ನೂ ಹೇಳಿದೆ. ಮಂದಿ ಸ್ವಿಚ್ಚು ನೋಡಿದರು, ಮಾಲಕರನ್ನು ನೋಡಿದರು. ಅವರು ಹಾಲು ಅಳೆಯುತ್ತಲೇ ಇದ್ದರು. ಮುದುಕಿ ನನ್ನ ಕೈ ಹಿಡಿದು ಸಣ್ಣ ದನಿಯಲ್ಲಿ ಕೇಳಿದಳು.

"ಎಲ್ಲಾ ಛಲೋ ಆದ ಮ್ಯಾಲ ಮತ್ತ್ಯಾಕ ಸುಳ್ಳ ಹೇಳ್ತಿಯೋ ನನ್ನಪ್ಪಾ?"

ಮರುದಿನ ಬೆಳಿಗ್ಗೆ ಕ್ಯಾನು ತುಂಬಿದೆ. ಸೊಂಟದ ಗೊಂಚಲು ಬಿಚ್ಚಿ ಗಾಡಿಯ ಚಾವಿಗೆ ಕಟ್ಟಿದೆ. ನಿಪ್ಪಾಣಿಯವರೆಗೆ ಒಂದು ಗುಂಡಿಯನ್ನೂ ಬಿಡಲಿಲ್ಲ, ಹುಡುಕಿ ಹುಡುಕಿ ಗಾಲಿ ಇಳಿಸಿದೆ. ಹಿಂದೆ ಕ್ಯಾನುಗಳು ಒಂದಕ್ಕೊಂದು ಬಡಿದುಕೊಂಡವು, ಗೊಂಚಲು ಕುಣಿದಾಡಿತು. ನಿಲ್ಲು, ಒಂದೇ ಒಂದು ಸಲ ನಿಲ್ಲು ಎಂದು ಬಾಯಿಬಿಟ್ಟು ಬೇಡಿಕೊಂಡೆ. ಹೊಸ ಸ್ವಿಚ್ಚು ಗಟ್ಟಿಯಾಗಿತ್ತು. ಹಾಲು ಹೊತ್ತಿಗೆ ಸರಿಯಾಗಿ ಡೇರಿಗೆ ಮುಟ್ಟಿತು.