ಹಿತ್ತಲಿನ ಉತ್ಖನನ

ಬೇಸಿಗೆಯ ಮಧ್ಯಾಹ್ನ ಬೆನ್ನಿಗೆ ತಂಪು ಬೇಕೆಂದರೆ, ಗೆಳೆಯಾ, ಸಾವಿರ ವರ್ಷ ದಾಟಿದ ಕಲ್ಲಿಗೆ ಒರಗಬೇಕು. ಐಹೊಳೆಯಲ್ಲಿ ನನ್ನ ಸೋದರತ್ತೆ ಗೌರವ್ವನ ಅಡುಗೆಮನೆಗೆ ಇದ್ದದ್ದು ಮೂರೇ ಗೋಡೆ. ನಾಲ್ಕನೆಯದು ಪಾಳು ಗುಡಿಯೊಂದರದು. ಹಿಟ್ಟಿನ ಡಬ್ಬಿಯ ಮೇಲೆ ಕಲ್ಲಿನ ಗಂಧರ್ವನೊಬ್ಬ ಹಾರುತ್ತಿದ್ದ, ಅವನ ಮೊಣಕೈಗೆ ಅತ್ತೆ ಜರಡಿ ತೂಗುಹಾಕುತ್ತಿದ್ದಳು. ಪ್ರಾಚೀನತೆಯೆಂದರೆ ನನಗೆ ಬಹುಕಾಲ ಜೋಳದ ಹಿಟ್ಟಿನ ವಾಸನೆಯೇ ಆಗಿತ್ತು.

ಗುಡಿಯನ್ನು ಕಾಪಾಡಬೇಕೆಂದು ಕೆಲವು ವರ್ಷಗಳ ಹಿಂದೆ ಆ ಮನೆಯನ್ನು ಕೆಡವಿದರು. ಅತ್ತೆಗೆ ಊರಾಚೆ ತಗಡಿನ ಸೂರು ಸಿಕ್ಕಿತು. ಹಳೆಯ ಬಾಗಲಕೋಟೆಯ ಮನೆಯನ್ನು ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟು ನವನಗರ ಸೇರಿದ ನಾನು, ಸಮಾಧಾನ ಹೇಳುವ ಹಕ್ಕು ನನಗಿದೆಯೆಂದುಕೊಂಡು, ನಮ್ಮದು ಮುಳುಗಿತು, ನಿನ್ನದು ಬಯಲಾದರೂ ಆಯಿತಲ್ಲ ಎಂದಿದ್ದೆ.

ಹೋದ ಚಳಿಗಾಲ ಆ ಬಯಲಲ್ಲಿ ಉತ್ಖನನ ಶುರುವಾಯಿತು. ಅತ್ತೆ ದಿನವೂ ಬೇಲಿಗೆ ಆತು ನಿಲ್ಲುತ್ತಾಳೆಂದು ಕೇಳಿ, ಹಳೆಯ ಮನೆಯ ಮೋಹವಿರಬೇಕೆಂದು, ಕರೆದೊಯ್ಯಲು ಹೋದೆ.

"ಬಿಸಲಾಗ ಯಾಕ ನಿಂದರ್ತಿ? ನಡಿ ಮನಿಗೆ."

"ಹಿತ್ತಲತನಕ ಬಂದಾರಪಾ," ಎಂದಳು. "ಅಲ್ಲಿ ನನ್ನ ಕೂಸೈತಿ."

ಅವ್ವ ಎಂದೋ ಹೇಳಿದ್ದು ಆಗ ನೆನಪಾಯಿತು. ನಾನು ಹುಟ್ಟುವ ಮೊದಲು ಅತ್ತೆಯ ಹೆಣ್ಣುಮಗುವೊಂದು ಜ್ವರದಿಂದ ತೀರಿಕೊಂಡಿತ್ತು. ಎಳೆಗೂಸನ್ನು ಹಿತ್ತಲಲ್ಲೇ ಮಣ್ಣು ಮಾಡಿದ್ದರು.

"ಮೊದ್ಲ ಹೇಳಬೇಕಿಲ್ಲೇನು?"

"ಏನಂತ ಹೇಳ್ಲಿ? ಅದಕ್ಕ ಹೆಸರ ಸುದ್ದಾ ಇಟ್ಟಿದ್ದಿಲ್ಲ."

ಅಷ್ಟರಲ್ಲಿ ಕುಣಿಯೊಳಗಿನ ಆಳು ಕೈಯೆತ್ತಿದ. ಉತ್ಖನನದ ಉಸ್ತುವಾರಿಯ ತರುಣಿ ಓಡಿಬಂದು, ಮಂಡಿಯೂರಿ, ಕುಂಚದಿಂದ ಮಣ್ಣು ಸರಿಸಿದಳು. ಅವಳ ಮುಖ ಅರಳಿತು. "ಎಲುಬು. ತುಂಬ ಹಳೆಯ ಸಮಾಧಿ ಇರಬಹುದು."

ಅತ್ತೆ ಬೇಲಿಯ ಸಂದಿಯಿಂದ ನುಗ್ಗಿದಳು. "ಹಳೇದಲ್ಲ ತಂಗಿ, ಅದು ನಂದು. ಕೈಯಾಗ ಕರಿಮಣಿ ಇರ್ತಾವ, ನೋಡು."

ತರುಣಿ ಮತ್ತೆ ಕುಂಚವಾಡಿಸಿದಳು. ಮಣಿಗಳಿದ್ದವು, ದಾರವಿರಲಿಲ್ಲ. ಅವಳು ಕುಂಚವನ್ನು ಕೆಳಗಿಟ್ಟಳು.

"ನೀವು ತೆಗೆದುಕೊಂಡು ಹೋಗಿ ಅಜ್ಜಿ," ಎಂದಳು. "ಬೇರೆ ಕಡೆ ಮಣ್ಣು ಮಾಡಿ."

ಅತ್ತೆ ಕುಣಿಯಂಚಿನಲ್ಲಿ ಕೂತು ಇಳಕಲ್ ಸೀರೆಯ ಸೆರಗು ಹಾಸಿದಳು. ಹಾಸಿದ್ದನ್ನು ಮತ್ತೆ ಎಳೆದುಕೊಂಡಳು.

"ಬ್ಯಾಡವ್ವ. ನಾಳೆ ಆ ತಗಡಿನ ಮನಿಯಿಂದಾನೂ ಎಬ್ಬಿಸಿದ್ರ ಏನ್ ಮಾಡ್ಲಿ? ಇಲ್ಲೇ ಮುಚ್ಚಿಬಿಡ್ರಿ. ಗುಡಿ ಅಂಗಳದಿಂದ ಇನ್ನ ಯಾರೂ ಎಬ್ಬಸೂದಿಲ್ಲ."

ಎಷ್ಟು ಕಾಲ ಸಂದರೆ ಒಂದು ಸಾವು ಇತಿಹಾಸವಾಗುತ್ತದೆ, ಗೆಳೆಯಾ? ಅಲ್ಲಿಯತನಕ ಅದನ್ನು ಕಾಯುವವರು ಯಾರು? ಬಾದಾಮಿಯ ಗುಹೆಗಳಲ್ಲಿ ಎಷ್ಟೋ ಸಲ ಬೆರಗಾಗಿ ನಿಂತವನು ನಾನು. ಈ ಪ್ರಶ್ನೆ ಒಮ್ಮೆಯೂ ನನ್ನ ಹತ್ತಿರ ಸುಳಿದಿರಲಿಲ್ಲ.

ತರುಣಿ ತಾನೇ ಬೊಗಸೆಯಿಂದ ಮಣ್ಣು ಮುಚ್ಚಿದಳು. ಹೊತ್ತಿಳಿಯುವವರೆಗೂ ಅತ್ತೆ ಅಲ್ಲೇ ಕೂತಿದ್ದಳು. ಕಾವಲಿನವನು ಬಂದು, "ಗೇಟ್ ಹಾಕ್ತೇವ್ರಿ, ಹೊರಗ ನಡೀರಿ," ಎಂದ. ಅವಳು ತಕರಾರಿಲ್ಲದೆ ಎದ್ದು ಬಂದಳು. ಅವನು ಬೀಗ ಹಾಕುವುದನ್ನೂ, ಹಾಕಿದ ಬೀಗವನ್ನು ಜಗ್ಗಿ ನೋಡುವುದನ್ನೂ ನಿಂತು ನೋಡಿದಳು. ಆಮೇಲೆ ಅತ್ತಳು.