ಎರಡನೇ ಡಿಸ್ಕು ಮತ್ತು ಸೂಜಿ ಸುಬ್ಬಯ್ಯ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕುಗಳ ಇತಿಹಾಸವನ್ನು ಯಾರಾದರೂ ಸರಿಯಾಗಿ ಬರೆಯಲು ಕೂತರೆ, ರಾಜರು, ಮಠಗಳು, ಅಣೆಕಟ್ಟು ಎಲ್ಲ ಮುಗಿದ ಮೇಲೆ ಕೊನೆಯ ಅಧ್ಯಾಯವನ್ನು ಆರೋಗ್ಯ ಸಹಾಯಕ ಸುಬ್ಬಯ್ಯನ ಸೂಜಿಗೆ ಮೀಸಲಿಡಬೇಕಾಗುತ್ತದೆ. ಆ ಸೂಜಿ ನೋಯುವುದಿಲ್ಲ ಎಂದು ಪ್ರತೀತಿ. ಕಮ್ಮರಡಿಯಲ್ಲಿ ಅಡಿಕೆ ಮರ ಹತ್ತುವವನೊಬ್ಬ ಚುಚ್ಚಿಸಿಕೊಂಡು ಮನೆಗೆ ಹೋಗಿ, ಉಂಡು, ಮಲಗೆದ್ದು, ಮರುದಿನ ವಾಪಸು ಬಂದು ‘ನಿನ್ನೆ ನನಗೊಬ್ಬನಿಗೆ ಬಿಟ್ಟುಬಿಟ್ರಿ’ ಎಂದು ಜಗಳ ತೆಗೆದನಂತೆ. ಬಾಳೆಹೊನ್ನೂರಿನಲ್ಲಿ ಒಂದು ಕೂಸು ಅಳಲೆಂದು ಬಾಯಿ ತೆರೆದು, ಅಳುವುದಕ್ಕೆ ಕಾರಣ ಸಿಗದೆ ಆಕಳಿಸಿತಂತೆ. ಶೃಂಗೇರಿ ಕಡೆಯ ಒಂದು ಎಮ್ಮೆಯ ಕಥೆಯೂ ಇದೆ. ಅದನ್ನು ನಾನು ನಂಬುವುದಿಲ್ಲ, ಏಕೆಂದರೆ ಸುಬ್ಬಯ್ಯ ಪಶು ಇಲಾಖೆಯವನಲ್ಲ.

ಈ ಪವಾಡದ ಗುಟ್ಟು ಕಾವ್ಯ. ಚುಚ್ಚುವಾಗ ಅವನು ಸ್ವಂತ ರಚನೆಯ ನಾಲ್ಕು ಸಾಲು ಹೇಳುತ್ತಿದ್ದ.

ಮೋಡದ ಮಡಿಲಲಿ ಮಲಗಿದ ಚಂದಿರ
ಏಳುತ ನಿನ್ನನೆ ಹುಡುಕುವನು
ಹೊಳೆಯಾಚೆಯ ಮರ, ಮರದಲಿ ಹಕ್ಕಿ
ಬರುವೆಯ ಎನ್ನುತ ಕೇಳುವುದು

ಮೊದಲ ಸಾಲಿಗೆ ಸ್ಪಿರಿಟ್ಟಿನ ಹತ್ತಿ, ಎರಡನೆಯದಕ್ಕೆ ಸೂಜಿ ಒಳಗೆ, ಮೂರಕ್ಕೆ ಮದ್ದು, ನಾಲ್ಕಕ್ಕೆ ಸೂಜಿ ಹೊರಗೆ. ಎಪ್ಪತ್ತು ದಾಟಿದ ಅಜ್ಜಿಯನ್ನು ಚಂದಿರ ಯಾಕೆ ಹುಡುಕುತ್ತಾನೆ ಎಂದು ಅಜ್ಜಿ ಯೋಚಿಸಿ ಮುಗಿಸುವಷ್ಟರಲ್ಲಿ ಕೆಲಸ ಆಗಿರುತ್ತಿತ್ತು.

ಕಾವ್ಯ ಅವನಿಗೆ ಅಂಟಿದ್ದು ಕಾಲೇಜಿನಲ್ಲಿ, ಒಂದು ಕಾಯಿಲೆಯ ಹಾಗೆ. ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡು, ರೊಮ್ಯಾಂಟಿಕ್ ಕಾವ್ಯದ ಪತ್ರಿಕೆಯೊಂದರಲ್ಲೇ ಮೂರು ಸಲ ಫೇಲಾದ. ಬೇರೆಲ್ಲ ಪತ್ರಿಕೆ ಪಾಸು. ಮೂರನೇ ಸಲ ಫಲಿತಾಂಶ ನೋಡಿ ನೇರ ಹೋಗಿ ಆರೋಗ್ಯ ಇಲಾಖೆಯ ತರಬೇತಿಗೆ ಅರ್ಜಿ ಹಾಕಿದ. ಆದರೆ ಆ ಕವಿಗಳ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಅವರನ್ನು ರೋಗಿಗಳ ಪಟ್ಟಿಗೆ ಸೇರಿಸಿಕೊಂಡ.

“ಮುದುಕರಾಗೋ ಮುಂಚೆನೇ ಸತ್ರು ಮಾರಾಯ,” ಎಂದು ಕೊಪ್ಪದ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕೂತು ನನಗೆ ಹೇಳುತ್ತಿದ್ದ. “ಒಬ್ಬನಿಗೆ ಕ್ಷಯ. ಒಬ್ಬನಿಗೆ ಪರದೇಶದಾಗೆ ಜ್ವರ. ಇನ್ನೊಬ್ಬ ನೀರಿಗೆ ಬಿದ್ದ, ಅವನ ಕೇಸು ನಮ್ಮ ಇಲಾಖೆಗೆ ಬರಾದಿಲ್ಲ. ಉಳಿದೋರಿಗೆ ಟೈಮಿಗೆ ಸರಿಯಾಗಿ ಮದ್ದು ಬಿದ್ದಿದ್ರೆ ಇನ್ನೂ ನಲವತ್ತು ವರ್ಷ ಬರೀತಿದ್ರು.”

“ಆಗ ನೀನು ಇನ್ನೂ ನಾಲ್ಕು ಸಲ ಫೇಲಾಗ್ತಿದ್ದೆ,” ಎಂದೆ.

“ಆಗ್ಲಿ. ಸಾಯೋದಕ್ಕಿಂತ ಒಳ್ಳೇದಲ್ಲನಾ?”

ಸಿನಿಮಾದ ಕಡೆಗೂ ಅವನದು ಇದೇ ದೃಷ್ಟಿ. ವಾರಕ್ಕೊಂದು ಸಿನಿಮಾ ತಪ್ಪಿಸುತ್ತಿರಲಿಲ್ಲ, ಆದರೆ ಅಲ್ಲಿಗೂ ತಪಾಸಣೆಗೆ ಹೋದವನ ಹಾಗೆ ಹೋಗುತ್ತಿದ್ದ. ನಾಯಕಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾರೆ, ಯಾರೂ ರಕ್ತ ಪರೀಕ್ಷೆ ಮಾಡಿಸುವುದಿಲ್ಲ ಎಂದು ಕತ್ತಲಲ್ಲಿ ಗೊಣಗುತ್ತಿದ್ದ. ಮುಂದಿನ ಸಾಲಿನವರು ತಿರುಗಿ ನೋಡಿದರೆ, ಅವರಿಗೂ ವಿವರಿಸುತ್ತಿದ್ದ.

ಇಂಥ ಮಹಾಪುರುಷನಿಗೆ 2003ರಲ್ಲಿ ನರಸಿಂಹರಾಜಪುರದ ಕಡೆಗೆ ವರ್ಗವಾಯಿತು. ಭದ್ರೆಯ ಹಿನ್ನೀರಿಗೆ ಕಾಲು ಚಾಚಿ ಕೂತಿರುವ ಹೊನ್ನೆಹಕ್ಲು ಎಂಬ ಹಳ್ಳಿ ಅವನ ಪಾಲಿಗೆ ಬಂತು. ಎಪ್ಪತ್ತು ಮನೆ, ಒಂದು ಶಾಲೆ, ಸುತ್ತ ಕಾಡು. ಆ ವರ್ಷ ಪಕ್ಕದ ಊರುಗಳಲ್ಲಿ ಮಂಗನ ಕಾಯಿಲೆ ಕಾಣಿಸಿತ್ತು. ಮಂಗ ಸತ್ತು ಬೀಳುತ್ತದೆ, ಅದರ ಮೈಮೇಲಿನ ಉಣುಗು ಕೆಳಗಿಳಿದು ಮನುಷ್ಯರಿಗೆ ಕಚ್ಚುತ್ತದೆ, ವಾರದೊಳಗೆ ಜ್ವರ. ಕೆಲವರು ಏಳುತ್ತಾರೆ, ಕೆಲವರು ಏಳುವುದಿಲ್ಲ. ಇದಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ ಇದೆ. ಮೊದಲನೆಯದು ಹಾಕಿ ತಿಂಗಳಿಗೆ ಎರಡನೆಯದು, ಕೆಲವು ತಿಂಗಳ ಮೇಲೆ ಮೂರನೆಯದು. ಒಂದೇ ಹಾಕಿಸಿಕೊಂಡರೆ ಹಾಕಿಸಿಕೊಳ್ಳದ ಹಾಗೆಯೇ. ತೊಂದರೆ ಏನೆಂದರೆ, ಚುಚ್ಚಿದ ಮೇಲೆ ತೋಳು ಎರಡು ದಿನ ಕಂಬದ ಹಾಗೆ ಊದುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಯಾರಿಗೆ ಬೇಕು ಊದಿದ ತೋಳು? ಚುಚ್ಚುವಾಗಿನ ನೋವಿಗೆ ಕವಿತೆ ಇತ್ತು, ಆಮೇಲಿನ ನೋವಿಗೆ ಸುಬ್ಬಯ್ಯ ಏನೂ ಬರೆದಿರಲಿಲ್ಲ.

ಮೊದಲ ಶಿಬಿರಕ್ಕೆ ಬಂದವರು ನಾಲ್ಕು ಜನ, ಅದರಲ್ಲಿ ಇಬ್ಬರು ದಾರಿ ಕೇಳಲು ಬಂದವರು.

ಆಗ ಅವನ ತಲೆಯಲ್ಲಿ ಸಿನಿಮಾ ಹೊಳೆಯಿತು. ಕೊಪ್ಪದಲ್ಲಿ ವಿಸಿಡಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ ಅಬ್ದುಲ್ ಮಜೀದ್ ಸಾಹೇಬರಿಂದ ಇಪ್ಪತ್ತೊಂದು ಇಂಚಿನ ಟಿವಿ, ಪ್ಲೇಯರು, ಒಂದು ಸಿನಿಮಾ ತಂದು, ಇಲಾಖೆಯ ಜೀಪಿನಲ್ಲಿ ಹೇರಿಕೊಂಡು ಹೋಗಿ ಡಿಸೆಂಬರಿನ ಒಂದು ಭಾನುವಾರ ಹೊನ್ನೆಹಕ್ಲು ಶಾಲೆಯ ಜಗುಲಿಯಲ್ಲಿ ಇಟ್ಟ. ಊರಿಗೆ ಊರೇ ಬಂತು. ಸುಬ್ಬಯ್ಯ ಟಿವಿಗೆ ಅಡ್ಡ ನಿಂತು, ಸತ್ತ ಮಂಗ ಕಂಡರೆ ಮುಟ್ಟಬೇಡಿ, ತಕ್ಷಣ ತನಗೆ ಹೇಳಿ ಕಳಿಸಿ, ಅಲ್ಲೇ ಸುಟ್ಟು, ಸುತ್ತ ಉಣುಗು ಸಾಯುವ ಪುಡಿ ಹಾಕಬೇಕು ಎಂದು ಭಾಷಣ ಮಾಡಿದ. ಊರಿನವರು ‘ಆಯ್ತು, ಸರಿ, ಹಾಗೇ ಮಾಡಣ’ ಎಂದು ಅವನ ತೋಳಿನ ಸಂದಿಯಲ್ಲಿ ಟಿವಿ ನೋಡಿದರು.

ವಿಸಿಡಿ ಸಿನಿಮಾ ಬರುವುದು ಎರಡು ಡಿಸ್ಕಿನಲ್ಲಿ. ಮೊದಲ ಡಿಸ್ಕು, ನಾಯಕಿ ಕೆಮ್ಮಿ ಕರವಸ್ತ್ರ ನೋಡಿಕೊಳ್ಳುವಲ್ಲಿಗೆ ಮುಗಿಯಿತು. ಎರಡನೆಯದು ಸುಬ್ಬಯ್ಯನ ಅಂಗಿಯ ಜೇಬಿನಲ್ಲಿತ್ತು.

“ಎಲ್ಲರ ತೋಳಿಗೂ ಬಿದ್ದ ಮೇಲೆ ಇದು ಹೊರಗೆ ಬರ್ತದೆ,” ಎಂದು ಜೇಬು ತಟ್ಟಿಕೊಂಡ.

ಕುರುಕ್ಷೇತ್ರದಲ್ಲೂ ಇಷ್ಟು ಗದ್ದಲ ಆಗಿರಲಾರದು. ಊರಿನ ಹಿರಿಯ ಲಿಂಗಪ್ಪನವರು ಇದು ಮೋಸ, ತಾಲೂಕಾಫೀಸಿಗೆ ಬರೆಯುತ್ತೇನೆ ಎಂದರು. ಆಗ ಹಿಂದಿನಿಂದ ಎದ್ದು ಬಂದವಳು ನೀಲಾಂಬಿಕೆ. ಶಾಲೆಯ ಬಿಸಿಯೂಟ ಬೇಯಿಸುವವಳು. ಐವತ್ತರ ಆಸುಪಾಸು, ಗಂಡ ಇಲ್ಲ, ನಾಲಿಗೆ ಇದೆ.

“ಬರೀರಿ ಲಿಂಗಪ್ಪಣ್ಣ, ಬರ್ದು ಕಳ್ಸಿ ಉತ್ರ ಬರೋ ಹೊತ್ತಿಗೆ ಆ ಹೆಣ್ಣು ಸತ್ತು ತಿಥಿನೂ ಆಗಿರ್ತದೆ,” ಎಂದು ಟಿವಿ ತೋರಿಸಿ, ಸೆರಗು ಸರಿಸಿ ತೋಳು ಒಡ್ಡಿದಳು. ಸುಬ್ಬಯ್ಯ ಕವಿತೆ ಶುರು ಮಾಡಿದ.

“ಚಂದ್ರ ಇರ್ಲಿ ಸುಬ್ಬಣ್ಣ, ನನ್ನ ಹುಡುಕಿ ಅವ್ನಿಗೆ ಎಂತ ಆಗ್ಬೇಕು. ಬೇಗ ಚುಚ್ಚು, ಅವಳ ಕೆಮ್ಮು ಎಂತ ಆತು ನೋಡ್ಬೇಕು.”

ಅವಳ ಹಿಂದೆ ಹೆಂಗಸರೆಲ್ಲ ಬಂದರು, ಹೆಂಗಸರ ಹಿಂದೆ ಗಂಡಸರು, ಕೊನೆಗೆ ಲಿಂಗಪ್ಪನವರೂ. ಸಂಜೆಯ ಹೊತ್ತಿಗೆ ಇನ್ನೂರ ಹನ್ನೊಂದು ತೋಳು. ಇಲಾಖೆಯಲ್ಲಿ ಯಾರೂ ನಂಬಲಿಲ್ಲ, ಪಟ್ಟಿಯನ್ನು ಎರಡು ಸಲ ಎಣಿಸಿದರು.

ಎರಡನೇ ಡಿಸ್ಕೂ ಮುಗಿದು ಹೊರಡುವಾಗ ನೀಲಾಂಬಿಕೆ ಜೀಪಿನ ಹತ್ತಿರ ಬಂದಳು. “ಇದು ಸರಿ ಇಲ್ಲ ಮಾರಾಯ. ಕೊನೆಗೆ ಹುಷಾರಾಗಿ ಮದ್ವೆ ಮಾಡ್ಕಂಡ್ಲು. ಬರೋ ತಿಂಗ್ಳು ಅಳೋ ಸಿನಿಮಾ ತಾ. ಚೆನ್ನಾಗಿ ಅಳ್ಬೇಕು. ಇಲ್ದಿದ್ರೆ ನಾನು ತೋಳು ಕೊಡಾದಿಲ್ಲ, ನಾನು ಕೊಡ್ದಿದ್ರೆ ಇವ್ರು ಯಾರೂ ಕೊಡಾದಿಲ್ಲ.”

“ತರ್ತೀನಿ ನೀಲಕ್ಕ,” ಎಂದ ಸುಬ್ಬಯ್ಯ. ಅಂಥದೊಂದು ಸಿನಿಮಾ ಅವನಿಗೆ ಗೊತ್ತಿತ್ತು. ಹನ್ನೊಂದು ಸಲ ನೋಡಿದ್ದ.

ಎರಡನೇ ಸೂಜಿ ಬೀಳಬೇಕಾಗಿದ್ದದ್ದು ಸಂಕ್ರಾಂತಿಯ ಹೊತ್ತಿಗೆ. ಸುಬ್ಬಯ್ಯ ಕೊಪ್ಪಕ್ಕೆ ಹೋದ. ಆ ಸಿನಿಮಾದ ಡಿಸ್ಕು ಶೃಂಗೇರಿಯ ಒಬ್ಬರ ಮನೆಯಲ್ಲಿತ್ತು. ಅವರು ಮನೆಗೆ ಬೀಗ ಹಾಕಿ ಮಗಳ ಬಾಣಂತನಕ್ಕೆ ಹೋಗಿದ್ದರು.

“ಬೇರೆ ತಗಂಡು ಹೋಗಿ ಸುಬ್ಬಯ್ಯನೋರೆ,” ಎಂದರು ಮಜೀದ್ ಸಾಹೇಬರು. “ಫೈಟಿಂಗಿಂದು ಇದೆ, ಕಾಮಿಡಿ ಇದೆ, ದೇವರದ್ದು ಇದೆ.”

“ಅಳೋದು ಬೇಕು ಸಾಹೇಬ್ರೆ. ಮಾತು ಕೊಟ್ಟಿದೀನಿ.”

“ಎರಡು ದಿನ ತಡೀರಿ ಹಂಗಾದ್ರೆ, ಬರ್ತಾರೆ.”

ಎರಡು ದಿನ ಒಂದು ವಾರವಾಯಿತು. ಸುಬ್ಬಯ್ಯ ಫೈಟಿಂಗಿನದ್ದು ಒಯ್ಯಬಹುದಿತ್ತು. ದೇವರದ್ದು ಒಯ್ದಿದ್ದರೆ ಲಿಂಗಪ್ಪನವರೂ ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಆದರೆ ಅವನಿಗೆ ಅಷ್ಟರಲ್ಲಿ ತನ್ನ ಉಪಾಯದ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ನೀಲಕ್ಕ ಅಳಬೇಕು, ಅಳುತ್ತಾ ತೋಳು ಕೊಡಬೇಕು, ಆ ದೃಶ್ಯವನ್ನು ಅವನು ಮನಸ್ಸಿನಲ್ಲಿ ಆಗಲೇ ತೆಗೆದು ಮುಗಿಸಿದ್ದ. ಮೂರು ವಾರ ಹೋಯಿತು. ಲಸಿಕೆಯ ಪೆಟ್ಟಿಗೆ ನರಸಿಂಹರಾಜಪುರದ ಆಸ್ಪತ್ರೆಯ ಫ್ರಿಜ್ಜಿನಲ್ಲಿ ತಣ್ಣಗಿತ್ತು.

ಫೆಬ್ರವರಿಯ ಮೊದಲ ವಾರ ಹೊನ್ನೆಹಕ್ಲು ಶಾಲೆಯ ಅಡಿಗೆಮನೆಯ ಹಿಂದೆ ಒಂದು ಮಂಗ ಸತ್ತು ಬಿದ್ದಿತು. ಸತ್ತ ಮಂಗನನ್ನು ಹಾಗೇ ಬಿಡುವ ಪದ್ಧತಿ ಆ ಕಡೆ ಇಲ್ಲ. ಆಂಜನೇಯ ಊರಿಗೆ ಬಂದು ಪ್ರಾಣ ಬಿಟ್ಟ ಎಂದು ಲಿಂಗಪ್ಪನವರು ಹೇಳಿದರು. ಚಟ್ಟ ಕಟ್ಟಿದರು. ಅಡಿಗೆಮನೆಯ ಹಂಡೆಯಲ್ಲಿ ನೀರು ಕಾಯಿಸಿ, ಅರಿಸಿನ ಹಾಕಿ, ಅದರ ಮೈ ತೊಳೆದವಳು ನೀಲಾಂಬಿಕೆ. ಮಗುವಿಗೆ ಎರೆಯುವ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಎರೆದಳಂತೆ. ಕುಂಕುಮ ಇಟ್ಟು, ಹೂ ಹಾಕಿ, ಭಜನೆ ಮಾಡಿ, ಹಿನ್ನೀರಿನ ದಡದಲ್ಲಿ ಹೂತು, ತೆಂಗಿನಕಾಯಿ ಒಡೆದರು. ಎಲ್ಲ ಶಾಸ್ತ್ರವೂ ಮುಗಿದ ಮೇಲೆ ಯಾರಿಗೋ ಸುಬ್ಬಯ್ಯನ ನೆನಪಾಯಿತು.

ಅವನು ಮರುದಿನ ಬೆಳಿಗ್ಗೆ ಬಂದ. ಪುಡಿಯ ಚೀಲ ಇತ್ತು, ಲಸಿಕೆಯ ಪೆಟ್ಟಿಗೆ ಇತ್ತು, ಟಿವಿ ಇರಲಿಲ್ಲ.

“ಮುಟ್ಬೇಡಿ ಅಂತ ಹೇಳಿರ್ಲಿಲ್ವಾ?” ಎಂದು ಲಿಂಗಪ್ಪನವರನ್ನು ಕೇಳಿದ.

“ನೀ ಮಂಗ ಮುಟ್ಬೇಡಿ ಅಂದಿದ್ದೆ. ದೇವ್ರನ್ನ ಮುಟ್ದೆ ಹ್ಯಾಗೆ ಕಳ್ಸದು?” ಎಂದರು ಅವರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಗೊತ್ತಿಲ್ಲದವರ ಹಾಗೆ.

ಅಂದು ಅವನು ಮನೆ ಮನೆಗೆ ಹೋಗಿ ಚುಚ್ಚಿದ. ಕವಿತೆ ಹೇಳಲಿಲ್ಲ. ಮಕ್ಕಳು ಅತ್ತವು. ನೀಲಾಂಬಿಕೆ ತೋಳು ಕೊಟ್ಟು, “ಸಿನಿಮಾ ಎಲ್ಲಿ?” ಎಂದಳು. “ಬರ್ತದೆ,” ಎಂದ. ಅವಳು ತೋಳು ಕೊಡುವುದಿಲ್ಲ ಎಂದದ್ದು ಬರೀ ಮಾತಿಗೆ ಎಂದು ಅವನಿಗೆ ಆಗ ಗೊತ್ತಾಯಿತು.

ಐದನೇ ದಿನ ಅವಳಿಗೆ ಜ್ವರ ಬಂತು. ತಲೆ ಸಿಡಿಯುವ ನೋವು, ಕೆಂಡದಂಥ ಕಣ್ಣು. ಸುಬ್ಬಯ್ಯನೇ ಜೀಪಿನಲ್ಲಿ ಕೂರಿಸಿಕೊಂಡು ಮೊದಲು ನರಸಿಂಹರಾಜಪುರಕ್ಕೆ, ಅಲ್ಲಿಂದ ಶಿವಮೊಗ್ಗಕ್ಕೆ ಒಯ್ದ. ರಕ್ತದ ಮಾದರಿಯನ್ನು ಐಸಿನ ಫ್ಲಾಸ್ಕಿನಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ತಾನೇ ಪ್ರಯೋಗಾಲಯಕ್ಕೆ ಮುಟ್ಟಿಸಿದ. ಫಲಿತಾಂಶ ಏನು ಬರುತ್ತದೆಂದು ಗೊತ್ತಿತ್ತು.

ನಾನು ನೋಡಲು ಹೋದ ದಿನ ಅವಳ ವಸಡಿನಿಂದ ರಕ್ತ ಬರುತ್ತಿತ್ತು. ಸುಬ್ಬಯ್ಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಹತ್ತಿಯಿಂದ ಒರೆಸುತ್ತಿದ್ದ. ತೆರೆಯ ಮೇಲಿನ ಜ್ವರಗಳನ್ನು ಅಷ್ಟು ವರ್ಷ ತಿದ್ದಿದವನು, ಆ ದಿನ ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿದ್ದ. ಬೇರೆ ಏನೂ ಮಾಡುವುದಕ್ಕೆ ಇರಲಿಲ್ಲ.

“ಸುಬ್ಬಣ್ಣ,” ಎಂದಳು, “ನೀ ತರ್ತೀನಿ ಅಂದಿದ್ಯಲ್ಲ, ಆ ಸಿನಿಮಾದಾಗೆ ಅವ್ಳು ಕೊನೆಗೆ ಉಳೀತಾಳಾ?”

“ಉಳೀತಾಳೆ ನೀಲಕ್ಕ.”

ಅವಳು ಹತ್ತಿ ಹಿಡಿದ ಅವನ ಕೈ ಸರಿಸಿದಳು. “ಸುಳ್ಳು ಹೇಳ್ಬೇಡ ಮಾರಾಯ. ಉಳಿದ್ರೆ ಅದು ಅಳೋ ಸಿನಿಮಾ ಹ್ಯಾಗಾಗ್ತದೆ?”

ಜ್ವರ ಬಂದ ಒಂಬತ್ತನೇ ದಿನ ತೀರಿಕೊಂಡಳು.

ಆಸ್ಪತ್ರೆಯ ವೈದ್ಯರೊಬ್ಬರು ಸುಬ್ಬಯ್ಯನನ್ನು ಕೂರಿಸಿ ಸಮಾಧಾನ ಹೇಳಿದರು. ಎರಡು ಸೂಜಿ ಸಮಯಕ್ಕೆ ಬಿದ್ದವರಿಗೂ ಈ ಕಾಯಿಲೆ ಬಂದದ್ದಿದೆ, ಲಸಿಕೆ ಎಂದರೆ ಕೋಟೆಯಲ್ಲ, ಬೇಲಿ ಅಷ್ಟೇ ಎಂದರು. ಅವನು ತಲೆಯಾಡಿಸಿದ. ಊರಿನಲ್ಲಿ ಇನ್ನೂ ಆರು ಜನ ಮಲಗಿದರು, ಆರೂ ಎದ್ದರು. ಶೃಂಗೇರಿಯವರು ಬಾಣಂತನ ಮುಗಿಸಿ ಬಂದು ಡಿಸ್ಕು ವಾಪಸು ಕೊಟ್ಟರು. ಮಜೀದ್ ಸಾಹೇಬರು ಅದನ್ನು ಎತ್ತಿಟ್ಟು ಸುಬ್ಬಯ್ಯನಿಗೆ ಹೇಳಿ ಕಳಿಸಿದರು. ಅವನು ಹೋಗಲಿಲ್ಲ. ಸಾಹೇಬರು ಆಮೇಲೆ ಅದನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟರು. ನನ್ನ ಜೊತೆ ಕ್ಯಾಂಟೀನಿಗೆ ಬರುವುದನ್ನೂ ಅವನು ಬಿಟ್ಟ. ನಾನೇ ಹುಡುಕಿಕೊಂಡು ಹೋದರೆ ಕಾಫಿ ಕುಡಿಯುತ್ತಿದ್ದ, ಕವಿಗಳ ಸುದ್ದಿ ಎತ್ತುತ್ತಿರಲಿಲ್ಲ.

ಇತ್ತ ಇಲಾಖೆಯ ಲೆಕ್ಕದಲ್ಲಿ ಅವನು ವೀರನಾಗಿ ಹೋದ. ಸುತ್ತಲಿನ ಊರುಗಳಿಗಿಂತ ಹೊನ್ನೆಹಕ್ಲುವಿನಲ್ಲಿ ಸಾವು ಕಡಿಮೆ. ಒಂದು. ಆ ವರ್ಷದ ರಾಜ್ಯೋತ್ಸವಕ್ಕೆ ನರಸಿಂಹರಾಜಪುರದ ಸಂಘವೊಂದು ಅವನಿಗೆ ಸನ್ಮಾನ ಇಟ್ಟುಕೊಂಡಿತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಅಭಿನಂದನೆಯ ಮಾತಿಗೆ ನಿಂತವರು ಮಹೇಶ್ವರ ಎಂಬ ನಿವೃತ್ತ ಮೇಷ್ಟ್ರು, ಅರ್ಧ ಗಂಟೆಯೊಳಗೆ ಮೈಕು ಬಿಟ್ಟವರಲ್ಲ. ಸೂಜಿಯ ಮೊನೆಯಲ್ಲಿ ಕಾವ್ಯದ ಜೇನು ಸವರಿದ ಮಾಂತ್ರಿಕ ಎಂದರು. ಸಂಜೀವಿನಿ ಹೊತ್ತು ತಂದ ಮಾರುತಿ ಎಂದರು. ಮುಂದಿನ ಕುರ್ಚಿಗಳಲ್ಲಿ ಲಿಂಗಪ್ಪನವರೂ ಹೊನ್ನೆಹಕ್ಲುವಿನ ಇಪ್ಪತ್ತು ಮೂವತ್ತು ಜನರೂ ಕೂತಿದ್ದರು. ಮಾರುತಿ ಎಂದಾಗ ಲಿಂಗಪ್ಪನವರು ತಲೆ ತಗ್ಗಿಸಿದರು.

“ಸಾವಿನ ಛಾಯೆ ಕವಿದಿದ್ದ ಆ ದಿನಗಳಲ್ಲಿ,” ಎಂದು ಮೇಷ್ಟ್ರು ಸುಬ್ಬಯ್ಯನ ಕಡೆ ತಿರುಗಿ ಮೈಕು ಚಾಚಿದರು, “ನಿಮ್ಮ ಕವಿಹೃದಯದಲ್ಲಿ ಯಾವ ಭಾವ ಮಿಡಿಯುತ್ತಿತ್ತು, ನಮ್ಮೊಂದಿಗೆ ಹಂಚಿಕೊಳ್ಳಬೇಕು.”

ಸಭೆ ನಾಲ್ಕು ಸಾಲಿಗೆ ಕಾಯಿತು. ಸುಬ್ಬಯ್ಯ ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟು, ಮೈಕಿನ ಹತ್ತಿರ ಬಂದ.

“ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊನ್ನೆಹಕ್ಲು ಶಾಲೆ ಹತ್ರ ಮೂರನೇ ಸೂಜಿ,” ಎಂದ. “ಸಿನಿಮಾ ಇಲ್ಲ. ಬನ್ನಿ.”