ಮುಳ್ಳು ಹಾಕಿದ ದಾರಿ

ಸೈಕಲ್ಲನ್ನು ಮಾರಿಬಿಡೋಣ ಎಂದು ಮೊನ್ನೆ ಬಾಲ್ಕನಿಯಲ್ಲಿ ಕೂತು ಒದ್ದೆ ಬಟ್ಟೆಯಿಂದ ಟೈರು ಒರೆಸುತ್ತಿದ್ದೆ. ಬೆರಳಿಗೆ ಏನೋ ಚುಚ್ಚಿತು. ಇಕ್ಕಳದಲ್ಲಿ ಎಳೆದು ನೋಡಿದರೆ ಜಾಲಿ ಮುಳ್ಳು. ಅದರ ಬುಡಕ್ಕೆ ಅಂಟಿದ್ದ ಬೂದು ಕೆಸರು ಬಟ್ಟೆಯ ನೀರು ತಾಗಿ ನೆನೆದಿತ್ತು. ಮೂಗಿನ ಹತ್ತಿರ ಹಿಡಿದೆ. ಹಿಡಿಯಬಾರದಿತ್ತು. ಕೆರೆಯ ಹೂಳಿನ ಅದೇ ವಾಸನೆ... ಹಾಡಹಗಲು, ಮೂರನೇ ಮಹಡಿ, ಒಳಗೆ ಕುಕ್ಕರ್ ಕೂಗುತ್ತಿದೆ. ಆದರೂ ನನ್ನ ಅಂಗೈ ಬೆವರಿ ಇಕ್ಕಳ ಜಾರಿ ಬಿತ್ತು.

ನಾನು ಸುಮ್ಮನೆ ಹೆದರುವವಳಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಹೆದರಿಸಿಯೇ ಅಭ್ಯಾಸ. ಆದರೆ ನಾಲ್ಕು ವರ್ಷದಿಂದ ಒಂದು ಹೆದರಿಕೆ ನನ್ನ ಜೊತೆಗಿದೆ. ಅದು ನೆನಪಾದಾಗಲೆಲ್ಲ ನೀರುಗಂಟಿ ತಾತನೂ ನೆನಪಾಗುತ್ತಾರೆ.

ಆಗ ನಾನು ಮತ್ತು ನನ್ನ ತಮ್ಮ ಸೈಕಲ್ ಹುಚ್ಚು ಹಿಡಿಸಿಕೊಂಡಿದ್ದೆವು. ಅವನಿಗೆ ಗೊರಗುಂಟೆಪಾಳ್ಯದಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ, ನನ್ನ ಮನೆ ಸಿಂಗಾಪುರದಲ್ಲಿ. ಇಬ್ಬರೂ ಗ್ರಾವೆಲ್ ಬೈಕ್ ಕೊಂಡೆವು. ಡಾಂಬರಿಗೂ ಸೈ, ಜಲ್ಲಿ, ಮಣ್ಣಿನ ದಾರಿಗೂ ಸೈ ಎನ್ನುವ ದಪ್ಪ ಟೈರಿನ ಸೈಕಲ್ಲು. ಭಾನುವಾರ ಬೆಳಕು ಹರಿಯುವ ಮೊದಲೇ ಯಲಹಂಕ ದಾಟಿ ಹಳ್ಳಿ ಕಡೆ ಹೊರಟುಬಿಡುತ್ತಿದ್ದೆವು. ಹೊಸ ಹೊಸ ಮಣ್ಣುದಾರಿ ಹುಡುಕಿ, ಫೋನಿನ ಮ್ಯಾಪಿನಲ್ಲಿ ಗೆರೆ ಮೂಡಿಸಿ, ಸೈಕಲ್ ಗುಂಪಿಗೆ ಹಂಚುವುದು ನನ್ನ ಕೆಲಸ. ಗುಂಪಿನಲ್ಲಿ ನನಗೆ 'ರೂಟಕ್ಕ' ಅಂತಲೇ ಹೆಸರು. ಆ ಹೆಸರಿಗೆ ನಾನು ಎಷ್ಟು ಉಬ್ಬಿದ್ದೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ನನ್ನ ರೂಟುಗಳಲ್ಲೆಲ್ಲ ಒಂದು ಕೆರೆಯ ಸುತ್ತು ಬಹಳ ಹೆಸರು ಮಾಡಿತು. ಆ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಯಾರಾದರೂ ಹುಡುಕಿಕೊಂಡು ಹೋದಾರು. ಕೆರೆ ಏರಿಯ ಮೇಲೆ ಒಂದಷ್ಟು ದೂರ, ಕೋಡಿ ದಾಟಿ ನೀಲಗಿರಿ ತೋಪಿನೊಳಗೆ ತಿರುವು, ಆಮೇಲೆ ರಾಗಿ ಹೊಲಗಳ ಬದು. ಅಲ್ಲಿಗೆ ದಾರಿ ಮುಗಿಯುತ್ತಿತ್ತು. ಬಂದ ದಾರಿಯಲ್ಲೇ ವಾಪಸು ಬರಬೇಕು. ನನಗೆ ಅದು ಸೇರದು. ಸುತ್ತು ಎಂದರೆ ಪೂರ್ತಿ ಸುತ್ತಾಗಬೇಕು. ಬೇಸಿಗೆಯಲ್ಲಿ ಕೆರೆ ಒಣಗಿ ಅಂಗಳ ಕಾಣುತ್ತಿದ್ದಾಗ, ಅದನ್ನೇ ಅಡ್ಡ ಹಾಯ್ದು ಏರಿಯ ಬುಡ ಸೇರುವ ಹಾದಿ ಮಾಡಿ ಗೆರೆಯನ್ನು ಕೂಡಿಸಿಬಿಟ್ಟೆ. ಗುಂಪಿನವರು ಹೊಗಳಿದ್ದೇ ಹೊಗಳಿದ್ದು.

ತಾತನನ್ನು ಮೊದಲು ನೋಡಿದ್ದು ಆ ಏರಿಯ ಮೇಲೇ. ತೂಬಿನ ಕಲ್ಲಿನ ಮೇಲೆ, ಯಾವುದೋ ಲೇಔಟಿನವರು ಕೊಟ್ಟ ಟೋಪಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಆಳೆತ್ತರದ ಬಿದಿರು ಗಳ. ತೂಬು ತೆರೆದು ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಿಡುತ್ತಿದ್ದ ನೀರುಗಂಟಿ ಮನೆತನ ಅವರದು. ಈಗ ಗದ್ದೆಗಳೆಲ್ಲ ಸೈಟುಗಳಾಗಿದ್ದವು, ಮಗ ಗ್ರಾನೈಟ್ ಹಾಕಿದ ಎರಡಂತಸ್ತಿನ ಮನೆ ಕಟ್ಟಿಸಿದ್ದ. ನೀರು ಕೇಳುವವರೇ ಇರಲಿಲ್ಲ. ಆದರೂ ತಾತ ಬೆಳಗ್ಗೆ ಎದ್ದರೆ ಕೆರೆಗೇ ಬರುತ್ತಿದ್ದರು. ಗಳದಿಂದ ನೆಲ ಕುಟ್ಟುತ್ತ, ಕಿವಿಗೊಟ್ಟು ಕೇಳುತ್ತ ಏರಿಯ ಉದ್ದಕ್ಕೂ ನಡೆಯುತ್ತಿದ್ದರು. ಏನು ಕೇಳ್ತೀರಿ ತಾತ ಅಂದರೆ ನಗುತ್ತಿದ್ದರು.

"ಬಂದ್ ದಾರೀಲೇ ತಿರ್ಗ ಓದ್ರೆ ಏನಾಯ್ತದವ್ವಾ?" ಎಂದು ನನ್ನನ್ನು ರೇಗಿಸುತ್ತಿದ್ದರು. ಸುತ್ತು ಪೂರ್ತಿಯಾಗಬೇಕು ತಾತ ಅಂದರೆ, ಗಾಣದೆತ್ತು ಸುತ್ತಿದಂಗೆ ಸುತ್ತು ಅನ್ನುತ್ತಿದ್ದರು. ನಾನು ಕೊಟ್ಟ ಖರ್ಜೂರವನ್ನು ಬಾಯಿಗೆ ಹಾಕಿಕೊಂಡು ಬೀಜವನ್ನು ಜೇಬಿಗಿಳಿಸುತ್ತಿದ್ದರು, ನೆಡುತ್ತಾರಂತೆ.

ಆ ಬೇಸಿಗೆಯ ಕೊನೆಗೆ ಯಾರೋ ಜೆಸಿಬಿ ತಂದು ಕೆರೆಯಂಗಳದ ಮಣ್ಣು ತೆಗೆದುಕೊಂಡು ಹೋದರು. ನನ್ನ ಹಾದಿಯ ಪಕ್ಕದಲ್ಲೇ ಆಳವಾದ ಗುಂಡಿ ಬಿತ್ತು. ನಾನು ನೋಡಿದ್ದೆ, ಪಕ್ಕದಲ್ಲಿ ಹೋದರಾಯಿತು ಎಂದುಕೊಂಡೆ. ಅದಾದ ಮುಂದಿನ ವಾರವೇ, ಹೊಲದ ಬದು ಇಳಿದು ಅಂಗಳಕ್ಕೆ ಕಾಲಿಡುವ ಜಾಗದಲ್ಲಿ ದೊಡ್ಡ ದೊಡ್ಡ ಜಾಲಿ ಕೊಂಬೆ ಕಡಿದು ಅಡ್ಡ ಹಾಕಿದ್ದರು. ಗುಂಪಿನಲ್ಲಿ ಒಂದೇ ದಿನ ಮೂವರ ಟೈರು ಪಂಕ್ಚರ್ ಆಯಿತು. ನನಗೆ ಪಿತ್ತ ನೆತ್ತಿಗೇರಿತು. ಸೈಕಲ್ಲಿನವರನ್ನು ಓಡಿಸಲು ಊರಿನ ಪೋಲಿಗಳು ಮಾಡಿದ ಕಿತಾಪತಿ ಎಂದು ನಾನೇ ತೀರ್ಮಾನಿಸಿದೆ. ಕೋಲಿನಿಂದ ಕೊಂಬೆಗಳನ್ನು ಪಕ್ಕಕ್ಕೆಳೆದು ದಾರಿ ಬಿಡಿಸಿದೆ. ಮುಂದಿನ ವಾರ ಮತ್ತೆ ಮುಳ್ಳು. ಮತ್ತೆ ಎಳೆದೆ. ವಾರಗಟ್ಟಲೆ ಹೀಗೇ ನಡೆಯಿತು. ನನಗೋ ಯುದ್ಧ ಗೆದ್ದ ಖುಷಿ.

ಒಮ್ಮೆ ತಾತನ ಹತ್ತಿರವೇ ದೂರಿದೆ. "ನಿಮ್ಮೂರಿನೋರು ಸರಿ ಇಲ್ಲ ತಾತ, ದಾರೀಗೆ ಮುಳ್ಳು ಹಾಕ್ತಾರೆ."

"ಮುಳ್ಳು ಆಕಿದ್ರೆ ಓಗ್ಬೇಡ ಬುಡವ್ವಾ," ಅಂದರು ತಾತ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

ಅಷ್ಟೇ. ಅವರ ಲೆಕ್ಕದಲ್ಲಿ ಎಲ್ಲ ಹೇಳಿ ಮುಗಿಸಿದ್ದರು. ದಾರಿಗೆ ಮುಳ್ಳು ಅಡ್ಡ ಬಿದ್ದಿದೆ ಎಂದರೆ ಮುಂದೆ ಕೇಡಿದೆ, ತಿರುಗಿ ಹೋಗು ಎಂದು ಆ ಕಡೆಯ ಮಕ್ಕಳಿಗೂ ಗೊತ್ತು. ನಾನು ಮಾತ್ರ, ಪಾಪ, ವಯಸ್ಸಾದವರು, ಪೋಲಿಗಳಿಗೆ ಹೆದರುತ್ತಾರೆ ಎಂದುಕೊಂಡು ಪೆಡಲ್ ತುಳಿದೆ.

ಮಳೆಗಾಲ ಬಂತು, ಕೆಲವು ವಾರ ನಾವು ಆ ಕಡೆ ಹೋಗಲಿಲ್ಲ. ಮಳೆ ನಿಂತು ಹತ್ತು ಹದಿನೈದು ದಿನ ಬಿಸಿಲು ಕಾದ ಮೇಲೆ ಒಂದು ಭಾನುವಾರ ನಾನು ಮತ್ತು ತಮ್ಮ ಇಬ್ಬರೇ ಹೋದೆವು. ಕೆರೆಯ ನಡುವೆ ಮಾತ್ರ ನೀರಿತ್ತು. ಅಂಚೆಲ್ಲ ಒಣಗಿ ಬಿರುಕು ಬಿಟ್ಟು ಸಮತಟ್ಟಾಗಿತ್ತು. ಗುಂಡಿಯೇ ಕಾಣಲಿಲ್ಲ. ಮುಚ್ಚಿಬಿಟ್ಟಿದ್ದಾರೆ, ಒಳ್ಳೇದೇ ಆಯಿತು ಅಂದುಕೊಂಡೆ. ಮುಳ್ಳು ಎಂದಿಗಿಂತ ಹೆಚ್ಚು ಹಾಕಿದ್ದರು. ಎಳೆಯುವಾಗ ತಮ್ಮ ಯಾಕೋ ಅನುಮಾನಿಸಿದ. "ಅಕ್ಕಾ, ಬೇಡ ಕಣೇ, ವಾಪಸ್ ಹೋಗೋಣ," ಅಂದ. ಹೆದರುಪುಕ್ಕಲ ಎಂದು ಬೈದೆ. ನೀನು ಮುಂದೆ ಹೋಗು, ಹಿಂದೇನೇ ನಡೀತಾ ವಿಡಿಯೋ ಮಾಡ್ತೀನಿ ಎಂದು ಫೋನು ಹಿಡಿದೆ.

ಮೂವತ್ತು ಮಾರು ಹೋಗಿರಬಹುದು. ಫೋನಿನ ಪರದೆಯಲ್ಲಿ ಅವನ ಮುಂದಿನ ಚಕ್ರ ಇಲ್ಲದಂತಾಯಿತು. ಶಬ್ದವೇ ಇಲ್ಲ. ಹಪ್ಪಳದಂತೆ ನೆಲ ಮುರಿಯಿತು, ಕೆಳಗೆ ಆ ಗುಂಡಿಯ ತುಂಬ ಬರೀ ಬೂದು ಗಂಜಿ. ಅವನು ಸೈಕಲ್ ಸಮೇತ ಸೊಂಟದವರೆಗೆ ಇಳಿದಿದ್ದ. ನಮ್ಮ ಶೂಗಳು ಪೆಡಲ್ಲಿಗೆ ಕಚ್ಚಿಕೊಳ್ಳುವ ಜಾತಿಯವು. ಅವನ ಒಂದು ಕಾಲು ಕಳಚಿಕೊಳ್ಳಲೇ ಇಲ್ಲ. ಒದ್ದಾಡಿದಷ್ಟೂ ಸೈಕಲ್ಲು ಅವನನ್ನು ಒಳಕ್ಕೆ ಎಳೆಯುತ್ತಿತ್ತು. ಕೆಸರು ಎದೆಗೆ ಬಂತು. "ಅಕ್ಕಾ" ಅಂದ, ಒಂದೇ ಸಲ. ಅವನಿಗೆ ಐದು ವರ್ಷವಾಗಿದ್ದಾಗ ಜ್ವರದಲ್ಲಿ ಹಾಗೆ ಕರೆಯುತ್ತಿದ್ದ... ನಾನು ಓಡಿದೆ. ಹತ್ತು ಹೆಜ್ಜೆಗೆ ನನ್ನ ಕಾಲೂ ಮೊಣಕಾಲುದ್ದ ಇಳಿಯಿತು. ಕಿರುಚಿದೆ ಅಂತ ಕಾಣುತ್ತದೆ. ಗಂಟಲು ಆಮೇಲೆ ಮೂರು ದಿನ ಕಟ್ಟಿತ್ತು.

"ನಿಂತ್ಕೋ! ಒಂದೆಜ್ಜೆ ಇಕ್ಬೇಡ!" ಏರಿಯ ಕಡೆಯಿಂದ ತಾತನ ದನಿ.

ಅವರು ಓಡಿ ಬರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೊಂದಿತು. ಗಳ ಊರಿ ಊರಿ, ನೆಲ ಕೇಳಿ ಕೇಳಿ ಬಂದರು. ಮೊದಲು ನನ್ನನ್ನು ತೋಳು ಹಿಡಿದು ಹಿಂದಕ್ಕೆಳೆದರು. ಆಮೇಲೆ, ನಾನು ಪಕ್ಕಕ್ಕೆಸೆದಿದ್ದ ಆ ಜಾಲಿ ಕೊಂಬೆಗಳನ್ನು ನನ್ನ ಕೈಲೇ ಒಂದೊಂದಾಗಿ ಎಳೆದು ತರಿಸಿ, ಕೆಸರಿನ ಮೇಲೆ ಅಡ್ಡಡ್ಡ ಹಾಸಿದರು. ಪಂಚೆ ಬಿಚ್ಚಿ ಅದರ ಮೇಲೆ ಹರಡಿ, ಚಡ್ಡಿಯಲ್ಲೇ ಹೊಟ್ಟೆಯ ಮೇಲೆ ಮಲಗಿ, ಆ ಮುಳ್ಳಿನ ಮೇಲೆ ತೆವಳಿಕೊಂಡು ಹೋದರು. ಎಪ್ಪತ್ತು ದಾಟಿದ ಮನುಷ್ಯ.

"ಸೈಕಲ್ ಬುಡು ಕಣಪ್ಪ. ಬುಡು ಅಂದ್ರೆ ಬುಡು. ಇಂದಕ್ಕೆ ಮಲ್ಕೋ, ಆಕಾಸ ನೋಡು."

ತಾತ ಚಾಚಿದ ಗಳ ಹಿಡಿದು ತಮ್ಮ ಹಿಂದಕ್ಕೊರಗಿದ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಕೆಸರು ಅವನ ಕಿವಿ ಮುಟ್ಟಿದ್ದು ಗೊತ್ತು. ನನ್ನ ಕಾಲ ಬಳಿ ಬಿದ್ದಿದ್ದ ಫೋನಿನಲ್ಲಿ ವಿಡಿಯೋ ಹೋಗಿ ಮ್ಯಾಪು ತೆರೆದುಕೊಂಡಿತ್ತು, ನಾನು ಎಳೆದ ನೀಲಿ ಗೆರೆ ಅವನಿದ್ದ ಜಾಗದ ಮೇಲೆ ಹಾದು ನೆಟ್ಟಗೆ ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ಕಾಲು ಶೂವಿನಿಂದ ಕಳಚಿಕೊಂಡಿತು. ಶೂ, ಸೈಕಲ್ಲು ಅಲ್ಲೇ ಉಳಿದವು. ತಮ್ಮ ಬಂದ.

ತೂಬಿನ ಕಲ್ಲಿನ ಮೇಲೆ ಮೂವರೂ ಕೂತೆವು. ತಮ್ಮ ನಡುಗುತ್ತಿದ್ದ. ನಾನು ಪಿನ್ನು ತೆಗೆದುಕೊಂಡು ತಾತನ ಎದೆ, ಮೊಣಕೈಗಳಿಂದ ಮುಳ್ಳು ಕೀಳುತ್ತಿದ್ದೆ. ಅವರು ನೋವು ಎನ್ನಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು.

"ಗುಂಡಿ ಬಿದ್ದಾಗ್ನಿಂದ ವಾರ ವಾರಾ ಮುಳ್ಳು ಕಡ್ದು ತಂದಾಕ್ತೀನಿ ಕಣವ್ವಾ. ಯಾವ್ ಬಡ್ಡೀಮಗ ತೆಗ್ದಾಕ್ತಾನೋ. ಕೈಗೆ ಸಿಕ್ಲಿ."

ನನ್ನ ಕೈಯಲ್ಲಿದ್ದ ಪಿನ್ನು ನಿಂತಿತು. ತಮ್ಮ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿ ಇನ್ನೊಂದು ಮುಳ್ಳು ಹುಡುಕಿದೆ. ಸಾವು ಅಷ್ಟು ಹತ್ತಿರ ಬಂದು ಹೋಗಿತ್ತು, ಆದರೂ ಆ ಗಳಿಗೆಯಲ್ಲಿ ನನಗೆ ಭಯವಾದದ್ದು ಆ ಮುದುಕನ ಕಣ್ಣಲ್ಲಿ ನಾನು ಏನಾಗಿಬಿಡುತ್ತೇನೋ ಎಂದು. ಮುಂದಿನ ವಾರ ಹೇಳೋಣ ಅಂದುಕೊಂಡೆ.

ಮನೆಗೆ ಬಂದು ರೂಟು ಅಳಿಸಿದೆ. ನನ್ನ ಫೋನಿನಿಂದ ಹೋಯಿತು; ಗುಂಪಿನವರು ಆಗಲೇ ಇಳಿಸಿಕೊಂಡು ಇನ್ನೆಷ್ಟು ಜನಕ್ಕೆ ಹಂಚಿದ್ದರೋ. ಹೋಗಬೇಡಿ ಎಂದು ಬರೆದೆ. ಮುಳ್ಳು ತೆಗೆದದ್ದು ನಾನು ಎಂದು ಬರೆಯಲಿಲ್ಲ. ಆಮೇಲೆ ಕಣ್ಣು ಮುಚ್ಚಿದರೆ ಸಾಕು, ಹಪ್ಪಳದ ನೆಲ ಮುರಿಯುತ್ತಿತ್ತು. ಮುಂದಿನ ವಾರ, ಮುಂದಿನ ತಿಂಗಳು ಅನ್ನುತ್ತ ಬೇಸಿಗೆಯೇ ಬಂತು. ಕೊನೆಗೊಂದು ದಿನ ಒಂದು ಡಬ್ಬಿ ಖರ್ಜೂರ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋದೆ. ತೂಬಿನ ಕಲ್ಲು ಖಾಲಿಯಿತ್ತು. ಮನೆ ಹುಡುಕಿ ಹೋದಾಗ ಸೊಸೆ ಬಾಗಿಲು ತೆರೆದಳು. ಸಂಕ್ರಾಂತಿ ಆದ ವಾರಕ್ಕೆ ಹೋಗಿಬಿಟ್ಟರಂತೆ, ಮಲಗಿದವರು ಏಳಲಿಲ್ಲವಂತೆ.

"ಮಲ್ಗೋ ಮುಂಚೆ ದಿನಾ ಕೇಳೋರು, ಮುಳ್ಳು ಐತಾ ನೋಡ್ಕಂಡ್ ಬಂದ್ರಾ ಅಂತ," ಅಂದಳು.

ಖರ್ಜೂರದ ಡಬ್ಬಿಯನ್ನು ಅವಳ ಕೈಗಿಟ್ಟು ಬಂದೆ. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಅತ್ತೆ.

ಅವತ್ತಿನಿಂದ ಭಾನುವಾರ ನಾನೇ ಹೋಗುತ್ತೇನೆ. ಮಚ್ಚು, ಹಳೇ ಕೈಗವಸು ಸ್ಕೂಟರಿನ ಡಿಕ್ಕಿಯಲ್ಲೇ ಇರುತ್ತವೆ. ಜಾಲಿ ಕಡಿದು, ಎಳೆದು ಅಡ್ಡ ಹಾಕುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಅಂಗಳದ ಕಡೆ ನೋಡುವುದಿಲ್ಲ. ಮುಂದಿನ ವಾರ ಹೋದರೆ ಎಷ್ಟೋ ಸಲ ಯಾರೋ ಪಕ್ಕಕ್ಕೆಳೆದಿರುತ್ತಾರೆ. ಆಗ ಮಾತ್ರ ಚಕ್ರದ ಗುರುತು ಒಳಕ್ಕೆ ಹೋಗಿದೆಯೇ, ಹೋಗಿದ್ದರೆ ಹೊರಕ್ಕೂ ಬಂದಿದೆಯೇ ಎಂದು ಉಸಿರು ಹಿಡಿದು ಹುಡುಕುತ್ತೇನೆ.

ಕಳೆದ ಭಾನುವಾರ ಕೊಂಬೆ ಎಳೆದು ಹಾಕಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಸೈಕಲ್ಲಿನವನೊಬ್ಬ ಬಂದು ನಿಂತ. ಹೊಸ ಹೆಲ್ಮೆಟ್ಟು, ಪೆಡಲ್ಲಿಗೆ ಕಚ್ಚುವ ಶೂ. ಮುಳ್ಳು ನೋಡಿ ಗೊಣಗಿದ. "ಯಾವನ್ರೀ ಆಂಟಿ ಈ ಕೆಲ್ಸ ಮಾಡೋದು? ಸ್ವಲ್ಪ ಆ ಕಡೆ ಹಿಡ್ಕೊಳ್ಳಿ, ತೆಗ್ದಾಕೋಣ."

"ನಾನೇ ಕಣಪ್ಪ ಹಾಕಿದ್ದು. ಮುಂದೆ ಹೋಗ್ಬೇಡ."

"ರೂಟ್ ಇದ್ಯಲ್ಲ ಆಂಟಿ," ಎಂದು ಫೋನು ಚಾಚಿದ. ಅದೇ ನೀಲಿ ಗೆರೆ. ಕೆಳಗೆ ಸಣ್ಣ ಅಕ್ಷರದಲ್ಲಿ ರೂಟಕ್ಕ ಎಂದಿತ್ತು.

ಅವನ ಹ್ಯಾಂಡಲ್ ಹಿಡಿದುಕೊಂಡೆ. "ಆ ರೂಟ್ ಮಾಡಿದ್ದೂ ನಾನೇ. ಮುಳ್ಳು ತೆಗ್ದು ನನ್ನ ತಮ್ಮನ್ನ ಈ ಕೆಸರಿಗೆ ಕಳಿಸಿದ್ದೂ ನಾನೇ."

ಅವನು ನನ್ನನ್ನೂ ಅಂಗಳವನ್ನೂ ಒಂದು ಸಲ ನೋಡಿದ. ಸೈಕಲ್ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೋದ.

ಇಷ್ಟೇ ಮಾತು. ಆ ದಿನ ತಾತನ ಎದೆಯಿಂದ ಮುಳ್ಳು ಕೀಳುತ್ತ ಅಷ್ಟು ಹೊತ್ತು ಕೂತಿದ್ದೆನಲ್ಲ, ಇಷ್ಟು ಮಾತು ಬಾಯಿಗೆ ಬರಲಿಲ್ಲ. ತೂಬಿನ ಕಡೆ ನೋಡಿದೆ. ಕಲ್ಲಿನ ಪಕ್ಕ ಒಂದು ಖರ್ಜೂರದ ಸಸಿ, ಮೊಣಕಾಲೆತ್ತರ ಬಂದಿದೆ.

ಸೈಕಲ್ಲು ಕೊಳ್ಳುವವರು ನಾಳೆ ಬರುತ್ತಾರೆ. ಟೈರಿನಿಂದ ಕಿತ್ತ ಮುಳ್ಳನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸಾಗಲಿಲ್ಲ, ಕಿಟಕಿಯ ಮೇಲಿಟ್ಟಿದ್ದೇನೆ. ಹೊರಗೆ ಮೋಡ ಕಟ್ಟುತ್ತಿದೆ. ಈ ವಾರ ಮಳೆ ಬಂದರೆ ಹೂಳು ಮತ್ತೆ ಸಡಿಲಾಗುತ್ತದೆ, ಭಾನುವಾರದ ತನಕ ಕಾಯುವ ಹಾಗಿಲ್ಲ, ಮುಳ್ಳು ಅಲ್ಲೇ ಇದೆಯೋ ಇಲ್ಲವೋ ನಾಳೆಯೇ ಹೋಗಿ ನೋಡಿಕೊಂಡು ಬರಬೇಕು.